ಪಾಯಸದ ಪಾತ್ರೆ ಮತ್ತು ವನಮಾಲಾಳ ತಟ್ಟೆ

ಮನೆಮಂದಿಯೆಲ್ಲ ಉಂಡೆದ್ದ ಮೇಲೆ, ಪಾತ್ರೆಗಳ ತಳದಲ್ಲಿ ಉಳಿದದ್ದನ್ನು ಕೆರೆದು ತಿನ್ನುವುದೇ ವನಮಾಲಾಳ ಊಟ. ಸಕ್ಕರೆ ಕಾಯಿಲೆ ಬಂದು ಆರು ವರ್ಷವಾದರೂ ಆ ರೂಢಿ ತಪ್ಪಿರಲಿಲ್ಲ. ಒಂದು ಭಾನುವಾರ ಅವಳು ಅಡುಗೆ ಮುಗಿಸುವಾಗ ಪಾಯಸದ ಪಾತ್ರೆ ಅವಳ ತಟ್ಟೆಯನ್ನು ಅಣಕಿಸಿತು.

"ಗಂಟೆ ಈಗಿನ್ನೂ ಒಂದು, ತಂಗಿ. ಮೂರರವರೆಗೆ ನಿನ್ನನ್ನು ಕೇಳುವವರಿಲ್ಲ. ಅವಳ ಹಸಿವು ತಣಿಸುವವಳು ನಾನೇ."

"ತಣಿಸಿದ್ದು ಸಾಕು, ಅಕ್ಕ," ಎಂದಿತು ತಟ್ಟೆ. "ಅವಳ ಪಾದ ಆಗಲೇ ಜೋಮು ಹಿಡಿಯುತ್ತಿದೆ. ಹೀಗೇ ಆದರೆ ಮುಂದೆ ಕಣ್ಣಿಗೂ ಕುತ್ತು ಎಂದಿದ್ದಾರೆ ಡಾಕ್ಟರು."

"ಮತ್ತೆ ನನ್ನ ತಳದ್ದನ್ನು ಚೆಲ್ಲುವುದೇ?"

"ಈ ಮನೆಯಲ್ಲಿ ಹೊಟ್ಟೆ ಇರುವುದು ಅವಳೊಬ್ಬಳಿಗೇ ಏನು?"

ಅಷ್ಟು ಹೇಳಿ ತಟ್ಟೆ ಸ್ಟ್ಯಾಂಡಿನಿಂದ ಧುಮುಕಿ, ಠಣಾರನೆ ಅವಳ ಕಾಲ ಬಳಿ ಬಿತ್ತು. ವನಮಾಲಾ ಅದನ್ನು ಎತ್ತಿದಳು, ತೊಳೆದಳು, ಒಂದು ಗಳಿಗೆ ನೋಡಿದಳು. ಆಮೇಲೆ ಅರ್ಧ ಮುದ್ದೆ, ಎರಡು ಸೌಟು ಸೊಪ್ಪಿನ ಸಾರು, ಒಂದಿಷ್ಟು ಹುರುಳಿಕಾಯಿ ಪಲ್ಯ ಬಡಿಸಿಕೊಂಡು ಎಲ್ಲರಿಗಿಂತ ಮೊದಲು ಕೂತಳು.

"ನಮಗೆ ಬಡಿಸೋರು ಯಾರೇ?" ಎಂದ ಗಂಡ.

"ಸೌಟಿಗೆ ಹಿಡಿ ಇದೆಯಲ್ಲ ರೀ, ಹಿಡಕೊಳ್ಳಿ."

ಅಂದು ಪಾಯಸದ ತಳ ಕೆರೆದವನು ಗಂಡ. ಮರುದಿನ ಸಾರಿನದೂ ಅವನ ಪಾಲಿಗೇ ಬಂತು.

ಮೂರು ತಿಂಗಳ ಬಳಿಕ ಡಾಕ್ಟರು ಅವಳ ರಕ್ತಪರೀಕ್ಷೆಯ ಚೀಟಿಯನ್ನು ಎರಡೆರಡು ಸಲ ಓದಿದರು. "ಸಕ್ಕರೆ ಚೆನ್ನಾಗಿ ಇಳಿದಿದೆಯಲ್ಲಮ್ಮ. ಬೇರೆ ಮಾತ್ರೆ ಏನಾದರೂ ತಗೊಂಡಿರಾ?"

"ಇಲ್ಲ ಡಾಕ್ಟರೇ," ಎಂದಳು ವನಮಾಲಾ. "ಪಂಕ್ತಿಯಲ್ಲಿ ಮೊದಲು ಕೂತೆ."