ಹಿಂದಿನ ಸೀಟಿನ ಮಾತು

ಶಿಷ್ಯ ಕೇಳಿದ: "ಗುರುಗಳೇ, ಸಣ್ಣಪುಟ್ಟ ಕುಂದುಗಳನ್ನು ಯಾರಿಗೂ ದೂರು ಹೇಳದೆ ಸಹಿಸಿಕೊಂಡು ಹೋಗುವುದೂ ಒಂದು ಸಾಧನೆಯಲ್ಲವೇ? ನನ್ನ ಕೋಣೆಯ ಬಾಗಿಲು ಸರಿಯಾಗಿ ಮುಚ್ಚದೆ ಹನ್ನೊಂದು ತಿಂಗಳಾಯಿತು. ಈಗ ಅದು ನನ್ನ ಗಮನಕ್ಕೂ ಬರುವುದಿಲ್ಲ."

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೀಜದ ವ್ಯಾಪಾರಿ ಇದ್ದ. ಜಗಳಗಂಟನಲ್ಲ, ಜಿಪುಣನೂ ಅಲ್ಲ. ಇದ್ದದ್ದು ಇದ್ದ ಹಾಗೇ ನಡೆಯಲಿ ಬಿಡು ಎನ್ನುವವನು. ಹೆಂಡತಿಯೂ ತನ್ನಂಥವಳೇ ಎಂದು ಅವನು ತಿಳಿದಿದ್ದ. ಅವರಿಗೆ ಒಂದು ಹೆಣ್ಣು ಮಗು ಹುಟ್ಟಿ, ಒಂದು ಹಗಲು ಬದುಕಿ, ತೀರಿಕೊಂಡಿತ್ತು. ಮಣ್ಣು ಮಾಡಿ ಬಂದ ಮೇಲೆ ಅವನು ಆ ವಿಷಯ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಇಬ್ಬರೂ ಗಟ್ಟಿಯಾಗಿ ತಡೆದುಕೊಂಡೆವು ಎಂದು ಅವನ ಎಣಿಕೆ.

ಅವನಲ್ಲಿ ಒಂದು ಕಾರಿತ್ತು. ಹೆಂಡತಿಯ ಅಕ್ಕ ಲಕ್ವ ಹೊಡೆದು ಬೇರೊಂದು ಊರಿನಲ್ಲಿ ಮಲಗಿದ್ದಳು. ಗುರುವಾರ ಅಂಗಡಿಗೆ ರಜೆ. ಪ್ರತಿ ಗುರುವಾರ ಬೆಳಿಗ್ಗೆ ಗಂಡ ಹೆಂಡತಿ ಆ ಕಾರಿನಲ್ಲಿ ಹೊರಟು ಅಕ್ಕನನ್ನು ನೋಡಿ ಬರುತ್ತಿದ್ದರು. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ.

ಕಾರಿಗೆ ವಯಸ್ಸಾಯಿತು. ಮೊದಲು ಮುಂದಿನ ಎಡಬಾಗಿಲು ಕೆಟ್ಟಿತು. ಒಳಗಿನಿಂದಲೂ ತೆರೆಯದು, ಹೊರಗಿನಿಂದಲೂ ತೆರೆಯದು. ಹೆಂಡತಿ ಏನೂ ಅನ್ನದೆ ಹಿಂದೆ ಹೋಗಿ ಎಡಬದಿಗೆ ಕೂತಳು. ಖಾಲಿಯಾದ ಮುಂದಿನ ಸೀಟಿನ ಮೇಲೆ ಅವನು ಬೀಜದ ಚೀಲ ಇಟ್ಟುಕೊಂಡ. ಆಮೇಲೆ ಒಂದು ಕಿಟಕಿಯ ಗಾಜು ಅರ್ಧಕ್ಕೆ ನಿಂತಿತು. ಸಂದಿಗೆ ರಟ್ಟು ಸಿಕ್ಕಿಸಿದ. ಆಮೇಲೆ ಕಾರಿನ ಅಡಿಯಲ್ಲಿ ಏನೋ ಸಡಿಲವಾಗಿ ಗಡಗಡ ಎನ್ನತೊಡಗಿತು. ಗಾಡಿ ಓಡುವಷ್ಟು ಹೊತ್ತೂ ಆ ಸದ್ದು ನಿಲ್ಲದು. ಒಂದು ತಿಂಗಳು ಅವನಿಗೆ ತಲೆನೋವು ಬಂತು. ಎರಡನೆಯ ತಿಂಗಳಿಗೆ ಸದ್ದು ಇದೆಯೆಂಬುದೇ ಮರೆತುಹೋಯಿತು. ಗಾಡಿ ಓಡುತ್ತದೆಯಲ್ಲ, ಮತ್ತೇನು ಬೇಕು ಎಂದುಕೊಂಡ.

ಹೀಗೆ ಒಂಬತ್ತು ವರ್ಷ ಕಳೆಯಿತು.

ಆ ವರ್ಷಗಳಲ್ಲಿ ಅವನು ಎಷ್ಟೋ ಸಲ ಕನ್ನಡಿಯಲ್ಲಿ ಹಿಂದೆ ನೋಡಿದ್ದ. ಹೆಂಡತಿಯ ತುಟಿ ಅಲ್ಲಾಡುತ್ತಿರುತ್ತಿತ್ತು. ದೇವರ ನಾಮ ಹೇಳಿಕೊಳ್ಳುತ್ತಿರಬೇಕು ಎಂದುಕೊಂಡ. ಒಂದು ಸಲ ಅವಳು ನಕ್ಕದ್ದು ಕಂಡಿತು. ಏನೆಂದು ಕೂಗಿ ಕೇಳಿದ. ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ. ಅವನು ಎರಡನೆಯ ಸಲ ಕೇಳಲಿಲ್ಲ.

ಕಾರಿಗೆ ಹದಿನೈದು ವರ್ಷ ತುಂಬಿತು. ಇನ್ನು ರಸ್ತೆಗೆ ಇಳಿಸಬೇಕಾದರೆ ತಪಾಸಣೆ ಆಗಬೇಕು, ಯಾವ ಕುಂದೂ ಇರಕೂಡದು ಎಂದರು ಸಾರಿಗೆ ಕಚೇರಿಯವರು. ಅವನು ಅದನ್ನು ಗ್ಯಾರೇಜಿಗೆ ಬಿಟ್ಟ. ಅಲ್ಲಿದ್ದವನು ವಯಸ್ಸಾದ ಮೆಕ್ಯಾನಿಕ್. ನಾಲ್ಕು ದಿನ ಇಟ್ಟುಕೊಂಡು ಬಾಗಿಲು, ಗಾಜು, ಅಡಿಯ ಸಡಿಲು ಎಲ್ಲವನ್ನೂ ಸರಿಮಾಡಿದ. ಬೀಗದ ಕೈ ಕೊಡುವಾಗ ಒಂದು ಮಾತು ಹೇಳಿದ.

"ಹಿಂದಿನ ಸೀಟಿನ ಸ್ಪಂಜನ್ನೂ ಬದಲಾಯಿಸಿದ್ದೀನಿ ಯಜಮಾನ್ರೇ. ಎರಡೂ ಕಡೆ ಒಂದೇ ಸಮ ತಗ್ಗು ಬಿದ್ದಿತ್ತು. ಹಿಂದೆ ಯಾವಾಗಲೂ ಇಬ್ಬರು ಕೂರ್ತಿದ್ರಾ?"

"ಇಲ್ಲವಲ್ಲ, ನನ್ನ ಹೆಂಡತಿ ಒಬ್ಬಳೇ. ಅವಳು ಕೂರುವುದು ಎಡಗಡೆಗೆ."

ಮೆಕ್ಯಾನಿಕ್ ಕೈ ಒರೆಸಿಕೊಂಡು ಲೆಕ್ಕದ ಚೀಟಿ ಬರೆದುಕೊಟ್ಟ.

ಗುರುವಾರ ಬಂತು. ವ್ಯಾಪಾರಿ ಮುಂದಿನ ಸೀಟಿನ ಚೀಲ ತೆಗೆದಿಟ್ಟು ಎಡಬಾಗಿಲನ್ನು ತೆರೆದು ತೋರಿಸಿದ. ತನಗೆ ಹಿಂದೆಯೇ ರೂಢಿಯಾಗಿದೆ ಎಂದು ಹೆಂಡತಿ ಹಿಂದೆ ಹೋಗಿ ಕೂತಳು. ಕಾರು ಹೊರಟಿತು. ಸದ್ದೇ ಇಲ್ಲ. ಚಕ್ರಗಳು ಟಾರಿನ ಮೇಲೆ ಹೊರಳುವುದು ಅವನಿಗೆ ಕೇಳಿಸಿತು. ಊರು ದಾಟಿದ ಮೇಲೆ ಹೆಂಡತಿಯ ದನಿ ಕೇಳಿಸಿತು.

ಫೋನಿನಲ್ಲಿ ಮಾತಾಡುತ್ತಿದ್ದಾಳೆ ಎಂದುಕೊಂಡ. ಕನ್ನಡಿಯಲ್ಲಿ ನೋಡಿದರೆ ಕೈಯಲ್ಲಿ ಫೋನಿಲ್ಲ. ಅಕ್ಕನಿಗೆ ಈಗ ಗಂಜಿಯೂ ಇಳಿಯುತ್ತಿಲ್ಲವಂತೆ ಎಂದು ತಗ್ಗಿದ ದನಿಯಲ್ಲಿ ಹೇಳಿ ಅವಳು ನಿಲ್ಲಿಸಿದಳು. ಎದುರಿನವರು ಒಂದು ಮಾತು ಹೇಳಿ ಮುಗಿಸುವಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ, ನೀವು ಹೇಳುವುದೂ ಸರಿಯೇ ಅನ್ನಿ ಎಂದಳು.

ವ್ಯಾಪಾರಿ ಏನೂ ಹೇಳಿರಲಿಲ್ಲ.

ಅವನು ಮತ್ತೆ ಕನ್ನಡಿ ನೋಡಿದ. ಅವಳು ಅವನ ಬೆನ್ನಿನ ಕಡೆಗೆ ನೋಡುತ್ತಿರಲಿಲ್ಲ. ಅವಳ ಮುಖ ಪಕ್ಕದ ಖಾಲಿ ಸೀಟಿನ ಕಡೆ ತಿರುಗಿತ್ತು. ಮತ್ತೆ ಏನೋ ಹೇಳಿದಳು, ಮತ್ತೆ ಕಾದಳು, ಮೆಲ್ಲಗೆ ನಕ್ಕಳು. ಮದುವೆಯಾದ ಹೊಸತರಲ್ಲಿ ನಗುತ್ತಿದ್ದ ಹಾಗೆ ನಕ್ಕಳು.

"ಬರುವ ವಾರ ಮೇದಿನಿಗೆ ಹನ್ನೆರಡು ತುಂಬುತ್ತಿತ್ತು," ಎಂದಳು ಅವಳು. "ನೀವು ಇಟ್ಟ ಹೆಸರು. ಕರೆಯುವುದಕ್ಕೆ ಎಷ್ಟು ಚೆನ್ನಾಗಿದೆ."

ಅವನು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಮಗು ಹುಟ್ಟಿದ ದಿನ ಆಸ್ಪತ್ರೆಯ ಜಗುಲಿಯ ಬೆಂಚಿನ ಮೇಲೆ ಕೂತು ಅವನು ಒಂದು ಹೆಸರು ಯೋಚಿಸಿದ್ದ. ಸಂಜೆಯ ಹೊತ್ತಿಗೆ ಅದರ ಅಗತ್ಯ ಉಳಿಯಲಿಲ್ಲ. ಆ ಹೆಸರನ್ನು ಅವನು ಯಾರಿಗೂ ಹೇಳಿರಲಿಲ್ಲ. ಎಲ್ಲಿಯೂ ಬರೆದಿರಲಿಲ್ಲ. ಆ ಹೆಸರು ಮೇದಿನಿ.

"ಆ ಹೆಸರು ನಿನಗೆ ಯಾರು ಹೇಳಿದರು?" ಎಂದು ಹಿಂದೆ ತಿರುಗಿ ಕೇಳಿದ.

ಅವಳು ಬೆಚ್ಚಿದಳು. ಇಬ್ಬರ ಮಾತಿನ ನಡುವೆ ಬಾಯಿ ಹಾಕಿದ ಡ್ರೈವರನ್ನು ನೋಡುವ ಹಾಗೆ ಅವನನ್ನು ನೋಡಿದಳು. ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು.

"ನೀವೇ ಹೇಳಿದ್ದಲ್ಲವೇ," ಎಂದಳು. "ಇಲ್ಲೇ ಪಕ್ಕದಲ್ಲಿ ಕೂತು."

ಹೇಳಿದ ಮೇಲೆ ಅವಳು ಅವನ ಮುಖ ನೋಡಿದಳು, ಪಕ್ಕದ ಸೀಟು ನೋಡಿದಳು, ಮತ್ತೆ ಅವನ ಮುಖ ನೋಡಿದಳು. ಸೀಟಿನ ಮೇಲೆ ಅಂಗೈ ಇಟ್ಟು ಒತ್ತಿದಳು. ಹೊಸ ಸ್ಪಂಜು ಕೈಯ ಹಿಂದೆಯೇ ಮೇಲೆದ್ದು ಬಂತು. ಅವಳು ಕೈಯನ್ನು ಮಡಿಲಿಗೆ ತೆಗೆದುಕೊಂಡಳು. ಅವತ್ತು ಮತ್ತೆ ಮಾತಾಡಲಿಲ್ಲ.

ಮುಂದಿನ ಗುರುವಾರಗಳಲ್ಲಿಯೂ ಅವಳು ಬಂದಳು, ಕೂತಳು, ಸುಮ್ಮನಿದ್ದಳು. ಮನೆಯಲ್ಲಿ ಅವಳ ಊಟ ಕಡಿಮೆಯಾಯಿತು. ದಾರಿಯುದ್ದಕ್ಕೂ ಪಕ್ಕದ ಸೀಟಿನ ಕಡೆ ಕಿವಿಯಾನಿಸಿ ಕಾಯುತ್ತಿದ್ದಳು. ನಾಲ್ಕನೆಯ ವಾರ, ಆ ಸದ್ದನ್ನು ಮತ್ತೆ ಹಾಕಿಸಲು ಬರುತ್ತದೆಯೇ ಎಂದು ಅವನನ್ನು ಕೇಳಿದಳು. ಅವಳು ಅವನನ್ನು ಏನನ್ನಾದರೂ ಕೇಳಿ ಎಷ್ಟೋ ವರ್ಷಗಳಾಗಿದ್ದವು. ಅವನು ಗ್ಯಾರೇಜಿಗೆ ಹೋದ. ಸದ್ದು ತೆಗೆಯಲು ಬರುತ್ತದೆ, ತೆಗೆದ ಸದ್ದನ್ನೇ ತಿರುಗಿ ಹಾಕಲು ಬರುವುದಿಲ್ಲ ಎಂದ ಮೆಕ್ಯಾನಿಕ್. ವ್ಯಾಪಾರಿ ಬಿಡಲಿಲ್ಲ. ಕೊನೆಗೆ ಮೆಕ್ಯಾನಿಕ್ ಅಡಿಯಲ್ಲಿ ಎರಡು ಬೋಲ್ಟು ಸಡಿಲಿಸಿಕೊಟ್ಟ. ಆ ಗುರುವಾರ ಕಾರು ಮೊದಲಿನ ಹಾಗೆಯೇ ಗಡಗಡ ಎಂದಿತು. ಅವಳು ಕಣ್ಣು ಮುಚ್ಚಿ ಅಕ್ಕನ ಊರಿನವರೆಗೂ ಆಲಿಸಿದಳು. ಇಳಿಯುವಾಗ ತಲೆ ಅಲ್ಲಾಡಿಸಿ, ಇದಲ್ಲ ಎಂದಳು.

ಅವನು ಬೋಲ್ಟುಗಳನ್ನು ಬಿಗಿ ಮಾಡಿಸಿದ.

ಮರುವಾರ ಊರು ದಾಟುತ್ತಲೇ ಅವನೇ ಮಾತು ತೆಗೆದ. ಹೇಗೆ ಮಾತಾಡಬೇಕೆಂದು ಅವನಿಗೆ ತಿಳಿಯದು, ಆದರೂ ಮಾತಾಡಿದ. ಆಸ್ಪತ್ರೆಯ ಬೆಂಚಿನ ವಿಷಯ ಹೇಳಿದ. ಹೆಸರು ಹೊಳೆದಾಗ ಒಳಗೆ ಹೋಗಿ ಹೇಳಬೇಕೆಂದು ಎದ್ದದ್ದನ್ನು, ಆಗಲೇ ನರ್ಸ್ ಎದುರಿಗೆ ಬಂದದ್ದನ್ನು ಹೇಳಿದ. ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಹೋಗುವಾಗ ಅದರ ಭಾರವೇ ತಿಳಿಯಲಿಲ್ಲ ಎಂದ. ಆಸ್ಪತ್ರೆಗೆ ತಿರುಗಿ ಬಂದು ಅವಳ ಮುಂದೆ ನಿಲ್ಲಲು ಹೆದರಿ ಅಂಗಡಿಗೆ ಹೋದೆ ಎಂದ. ಹೇಳುತ್ತ ಹೇಳುತ್ತ ಅತ್ತ. ರಸ್ತೆ ಕಾಣದಾಗಿ ಕಾರು ನಿಲ್ಲಿಸಿದ. ಹನ್ನೆರಡು ವರ್ಷದಿಂದ ಒಳಗಿದ್ದುದರಲ್ಲಿ ಒಂದು ಚೂರನ್ನೂ ಉಳಿಸಿಕೊಳ್ಳಲಿಲ್ಲ.

ಅವಳು ಎಲ್ಲವನ್ನೂ ಕೇಳಿದಳು. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತರ ಕಷ್ಟವನ್ನು ಕೇಳುವ ಹಾಗೆ, ಮರ್ಯಾದೆಯಿಂದ ಕೇಳಿದಳು.

"ಗೊತ್ತು," ಎಂದಳು. "ಇದನ್ನೆಲ್ಲ ನೀವು ಆಗಲೇ ಹೇಳಿದ್ದೀರಿ."

ಈಗಲೂ ಗುರುವಾರ ಅವರು ಆ ಕಾರಿನಲ್ಲಿ ಹೋಗಿ ಬರುತ್ತಾರೆ. ಅವನು ಏನು ಹೇಳಲು ಹೊರಟರೂ ಅವಳಿಗೆ ಅದು ಮೊದಲೇ ತಿಳಿದಿರುತ್ತದೆ. ಅವಳು ಕಿಟಕಿಯ ಹೊರಗೆ ನೋಡುತ್ತಾಳೆ. ಕಾರಿನಲ್ಲಿ ಈಗ ಒಂದು ಕುಂದೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಗುರುಗಳೇ, ಅವಳ ಪಕ್ಕದಲ್ಲಿ ಕೂತು ಉತ್ತರ ಕೊಡುತ್ತಿದ್ದವನು ಯಾರು?"

ಗುರುಗಳು ಹೇಳಿದರು: "ಅವಳ ಮಾತು ಕೇಳಿಸಿಕೊಂಡವನು."