ಹೊಂಗೆ ಮರ ನೆರಳು ಕಲಿತದ್ದು

ಲೋಕ ಇನ್ನೂ ಸುಡದ ಮಡಕೆಯ ಹಾಗೆ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ತಾವು ಎಲ್ಲಿ ಕೂರಬೇಕೆಂದು ಆಗತಾನೆ ಗೊತ್ತುಮಾಡಿಕೊಂಡಿದ್ದವು. ಮರ ಆಡಿದ ಮಾತು ಮನುಷ್ಯರಿಗೆ ತಿಳಿಯುತ್ತಿತ್ತು. ಮನುಷ್ಯರು ಮಾತಾಡಿದರೆ ಗಾಳಿ ನಿಂತು ಕೇಳುತ್ತಿತ್ತು.

ಆ ಕಾಲದಲ್ಲಿ ಹೊಂಗೆಯ ಬೀಜ ಸಿಹಿಯಾಗಿತ್ತು. ಹೌದು ಮಗಾ, ಈಗ ನೀನು ಕಚ್ಚಿ ಥೂ ಎಂದು ಉಗಿದೆಯಲ್ಲ, ಅದೇ ಬೀಜ. ಎಳೆ ತೆಂಗಿನ ತಿರುಳಿನ ಹಾಗಿತ್ತು ಅದರ ರುಚಿ. ಗಿಳಿಗಳು ಅದಕ್ಕಾಗಿ ಜಗಳಾಡುತ್ತಿದ್ದವು. ಅಳಿಲು ಅದನ್ನು ಕೆನ್ನೆಯಲ್ಲಿ ತುಂಬಿಕೊಂಡು ಮಾತು ಮರೆಯುತ್ತಿತ್ತು. ಹೊಂಗೆಗೆ ತನ್ನ ಬೀಜ ಎಂದರೆ ಬಹಳ ಹೆಮ್ಮೆ.

ಆದರೆ ಆ ಕಾಲದಲ್ಲಿ ಮನೆ ಎಂಬುದು ಇರಲಿಲ್ಲ.

ಜನ ಬಯಲಿನಲ್ಲಿರುತ್ತಿದ್ದರು. ಮಳೆ ಬಂದರೆ ಬಂಡೆಯ ಸಂದಿ, ಚಳಿ ಬಂದರೆ ಬೆಂಕಿಯ ಸುತ್ತ. ಚಳಿ ಮುಗಿದು ಬಿಸಿಲು ಏರತೊಡಗಿದರೆ ಬಯಲಿನ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತಿದ್ದವು. ಮಳೆ ಬರುವವರೆಗೆ ಒಂದು ಚಿಗುರೂ ಇಲ್ಲ. ದೂರದ ಹೊಳೆಯಲ್ಲಿ ಬುಡ ನೆನೆಸಿಕೊಂಡು ನಿಂತ ಹೊಳೆಮತ್ತಿ ಮರಗಳು ಮಾತ್ರ ಹಸಿರಾಗಿರುತ್ತಿದ್ದವು. ನೆರಳು ಬೇಕಾದವರು ಅಲ್ಲಿಗೆ ಹೋಗಬೇಕಿತ್ತು.

ಹಾಗಾಗಿ ಪ್ರತಿ ವರ್ಷ ಮೊದಲ ಎಲೆ ಬಿದ್ದ ದಿನ ಸಿದ್ದಜ್ಜಿ ಎದ್ದು ನಿಂತು ಕೂಗುತ್ತಿದ್ದಳು. ಅವಳು ಆ ಬಯಲಿನವರಿಗೆಲ್ಲ ಹಿರಿಯಳು.

"ಎಲೆ ಉದುರಿತು, ಏಳಿ!"

ಜಿಂಕೆ ಏಳುತ್ತಿತ್ತು. ಹಕ್ಕಿ ಏಳುತ್ತಿತ್ತು. ಜನ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಳ್ಳುತ್ತಿದ್ದರು. ಈಗ ವಸಂತ ಬಂತೆಂದರೆ ನಾವು ಚಾಪೆ ಹಾಸುತ್ತೇವೆ. ಆಗ ವಸಂತ ಬಂತೆಂದರೆ ಹೊರಡುತ್ತಿದ್ದರು. ಅಷ್ಟೇ ವ್ಯತ್ಯಾಸ, ಆದರೆ ಸಣ್ಣ ವ್ಯತ್ಯಾಸವಲ್ಲ.

ಆ ದಾರಿಯಲ್ಲಿ ನೆರಳಿರಲಿಲ್ಲ. ದೊಡ್ಡವರು ಹೇಗೋ ನಡೆಯುತ್ತಿದ್ದರು. ಎಳೆಮಕ್ಕಳು ಬಿಸಿಗಾಳಿಗೆ ಬಾಡುತ್ತಿದ್ದವು. ಬಾಡಿದ ಮಗುವನ್ನು ದಾರಿಯ ಪಕ್ಕ ಮಲಗಿಸಿ, ಮೇಲೊಂದು ಕಲ್ಲಿಟ್ಟು, ಹಿಂದೆ ನೋಡದೆ ಮುಂದಕ್ಕೆ ನಡೆಯಬೇಕು. ಅದಕ್ಕೇ ಆ ಜನ ಮಗುವಿಗೆ ಬೇಗ ಹೆಸರಿಡುತ್ತಿರಲಿಲ್ಲ. ಹೊಳೆಗೆ ಹೋಗಿ ಬದುಕಿ ಬಂದ ಮೇಲೆಯೇ ಹೆಸರು.

ಸಿದ್ದಜ್ಜಿಯ ಸೊಸೆ ದೇವೀರಿ. ಒಂದು ಬೇಸಿಗೆ ಅವಳೂ ಒಂದು ಕಲ್ಲಿಟ್ಟು ಬಂದಿದ್ದಳು. ಹೆಣ್ಣುಮಗು. ಹೆಸರಿರಲಿಲ್ಲ.

ಆ ವರ್ಷ ಮಳೆ ನಿಂತ ಮೇಲೆ ದೇವೀರಿ ಯಾರನ್ನೂ ಕೇಳದೆ ಮಣ್ಣು ಅಗೆದಳು. ನೀರು ಹಾಕಿ ತುಳಿದಳು. ಮುದ್ದೆಯ ಮೇಲೆ ಮುದ್ದೆ ಇಟ್ಟು, ಒಂದು ಹೊಂಗೆ ಮರದ ಎದುರಿಗೆ ಗೋಡೆ ಎಬ್ಬಿಸಿದಳು. ಮೇಲೆ ಹುಲ್ಲು ಹೊದಿಸಿದಳು. ಹಳ್ಳದಲ್ಲಿ ಒಂದು ಒರತೆ ತೋಡಿ ಕಲ್ಲು ಮುಚ್ಚಿಟ್ಟಳು.

ಜನ ಸುತ್ತ ನಿಂತು ನಕ್ಕರು. ಸಿದ್ದಜ್ಜಿಯೂ ನಕ್ಕಳು.

"ಕಾಲಿರೋರಿಗೆ ಗೋಡೆ ಯಾಕೇ? ನಾವೇನು ಗೆದ್ದಲಾ?"

"ಗೆದ್ದಲಿಗಿರೋ ಬುದ್ಧಿ ನಮಗೂ ಬರಲಿ ಬಿಡಿ ಅತ್ತೆ," ಎಂದಳು ದೇವೀರಿ. ಕೈಯ ಮಣ್ಣು ತೊಳೆಯಲಿಲ್ಲ.

ಚಳಿಗಾಲದ ಕೊನೆಯಲ್ಲಿ ಅವಳಿಗೆ ಇನ್ನೊಂದು ಹೆಣ್ಣುಮಗು ಹುಟ್ಟಿತು. ಅಂಗೈಯಗಲದ ಬೆನ್ನು, ಹಕ್ಕಿಯ ಕತ್ತು. ಅದು ಹಾಲು ಕುಡಿಯಲು ಕಲಿಯುವಷ್ಟರಲ್ಲಿ ಮೊದಲ ಎಲೆ ಬಿತ್ತು.

"ಎಲೆ ಉದುರಿತು, ಏಳಿ!"

ಎಲ್ಲರೂ ಎದ್ದರು. ದೇವೀರಿ ಏಳಲಿಲ್ಲ.

"ಕಿವಿ ಕೇಳಿಸಲ್ಲವೇನೇ?" ಎಂದಳು ಸಿದ್ದಜ್ಜಿ.

"ಕೇಳಿಸಿತು ಅತ್ತೆ. ನಾನು ಬರೋದಿಲ್ಲ."

"ಇಲ್ಲಿದ್ದರೆ ಆ ಕೂಸು ಸಾಯುತ್ತೆ."

"ದಾರೀಲೂ ಸಾಯುತ್ತೆ. ಸಾಯೋದೇ ಆದರೆ ನನ್ನ ಗೋಡೆಯೊಳಗೆ ಸಾಯಲಿ. ಕಲ್ಲಿಟ್ಟು ಬೆನ್ನು ತಿರುಗಿಸೋದು ಇನ್ನೊಂದು ಸಲ ನನ್ನ ಕೈಲಾಗಲ್ಲ."

ಸಿದ್ದಜ್ಜಿ ಹೊಳೆಯ ದಾರಿಯ ಕಡೆ ತಿರುಗಿದಳು. ಅವಳು ಇಟ್ಟ ಕಲ್ಲುಗಳೂ ಆ ದಾರಿಯಲ್ಲಿದ್ದವು.

ದೇವೀರಿಯ ಗಂಡ ಜವರ ಅತ್ತ ನೋಡಿದ, ಇತ್ತ ನೋಡಿದ. ಅವನ ತಾಯಿ ಸಿದ್ದಜ್ಜಿಗೆ ಮೊಣಕಾಲು ಹಿಡಿದುಕೊಂಡು ದೂರ ನಡೆಯಲು ಆಗುತ್ತಿರಲಿಲ್ಲ. ಅವನು ಹೊರದಿದ್ದರೆ ಅವಳು ಹೊಳೆ ಸೇರುವಂತಿರಲಿಲ್ಲ.

"ಅವರನ್ನು ಹೊತ್ತುಕೊಂಡು ಹೋಗಿ," ಎಂದಳು ದೇವೀರಿ. "ನನಗೆ ಕಾಲು ಗಟ್ಟಿಯಿದೆ, ಗೋಡೆಯೂ ಇದೆ."

ಅವನು ತಾಯಿಯನ್ನು ಬೆನ್ನ ಮೇಲೆ ಹೊತ್ತು ಹೊರಟ. ಬೆನ್ನ ಮೇಲಿನ ಮುದುಕಿ ಬಯಲು ದಾಟುವವರೆಗೂ ಹಿಂದೆ ತಿರುಗಿ ನೋಡುತ್ತಲೇ ಇದ್ದಳು.

ಕೆಲವು ದಿನ ಗೋಡೆ ಕಾಪಾಡಿತು. ಆಮೇಲೆ ಬಿಸಿಲು ಗೋಡೆಯನ್ನೂ ಗೆದ್ದಿತು. ಮಧ್ಯಾಹ್ನದ ಹೊತ್ತಿಗೆ ಒಳಗೆ ಒಲೆಯೊಳಗಿದ್ದ ಹಾಗಾಗುತ್ತಿತ್ತು. ಒಂದು ದಿನ ಮಗು ಅಳುವುದನ್ನು ನಿಲ್ಲಿಸಿತು. ಅಳುವ ಮಗುವಿನ ಜೊತೆ ಹೇಗಾದರೂ ಇರಬಹುದು. ಅಳದ ಮಗುವನ್ನು ಎತ್ತಿಕೊಂಡು ದೇವೀರಿ ಹೊರಗೆ ಓಡಿದಳು.

ಮುತ್ತುಗ ಮೈತುಂಬ ಕೆಂಪು ಹೂ ಹೊತ್ತು ನಿಂತಿತ್ತು.

"ಮುತ್ತುಗವೇ, ನನ್ನ ಮಗುವಿಗೆ ಒಂದಿಷ್ಟು ನೆರಳು ಕೊಡು."

"ನನ್ನ ಹತ್ತಿರ ಇರೋದು ಹೂವು, ತಾಯಿ. ನೋಡೋಕೆ ಚೆಂದ, ಕೆಳಗೆ ನಿಲ್ಲೋಕಲ್ಲ."

ಬೂರುಗ ಮುಳ್ಳುಮೈ ಹೊತ್ತು ನಿಂತಿತ್ತು.

"ಬೂರುಗವೇ, ನನ್ನ ಮಗುವಿಗೆ ಒಂದಿಷ್ಟು ನೆರಳು ಕೊಡು."

"ಬೇರಿನಲ್ಲಿ ನಾಲ್ಕು ಹನಿ ಇಟ್ಟುಕೊಂಡಿದ್ದೀನಿ, ತಾಯಿ. ಮಳೆ ಬರೋ ತನಕ ಅದರಲ್ಲೇ ಉಸಿರು ಹಿಡೀಬೇಕು. ನನ್ನ ಮೇಲೆ ಕೋಪ ಮಾಡ್ಕೋಬೇಡ."

ದೇವೀರಿ ಕೋಪ ಮಾಡಿಕೊಳ್ಳಲಿಲ್ಲ. ಮೂರನೆಯವರ ಹತ್ತಿರ ಕೈ ಒಡ್ಡಲೂ ಇಲ್ಲ. ತನ್ನ ಗೋಡೆಯ ಮುಂದಕ್ಕೆ ಬಂದು, ಬೋಳು ಹೊಂಗೆಯ ಬುಡದಲ್ಲಿ ಮಗುವನ್ನು ಮಲಗಿಸಿದಳು. ಸೆರಗು ಬಿಚ್ಚಿ, ಎರಡೂ ಕೈಗಳನ್ನು ಅಗಲಿಸಿ ಮಗುವಿನ ಮೇಲೆ ಹಿಡಿದು ನಿಂತಳು. ಸೂರ್ಯ ಸರಿದಂತೆ ತಾನೂ ಸರಿದಳು. ಬೆವರು ಬಂತು, ಆರಿತು. ಕೈ ಇಳಿಸಲಿಲ್ಲ.

ಹೊಂಗೆ ಅವಳನ್ನೇ ನೋಡುತ್ತಿತ್ತು. ಬಹಳ ಹೊತ್ತು ನೋಡಿ, ಅದು ಅವಳನ್ನೊಂದು ಮರ ಎಂದುಕೊಂಡಿತು.

"ಅಕ್ಕಾ," ಎಂದಿತು. "ಈ ಕಾಲದಲ್ಲಿ ನಿನಗೆ ಎಲೆ ಎಲ್ಲಿಂದ ಬಂತು?"

"ಎಲೆಯಲ್ಲ. ಸೆರಗು."

"ನೀರು?"

"ಇಲ್ಲಿ ನೀರಿಲ್ಲ. ಇರೋದು ಹಳ್ಳದಲ್ಲಿ."

"ಬೇರು?"

"ಬೇರೂ ಇಲ್ಲ. ಸುಮ್ಮನೆ ನಿಂತಿದ್ದೀನಿ."

"ಎಷ್ಟು ಹೊತ್ತು ನಿಲ್ಲುತ್ತೀಯೆ?"

"ಬೀಳೋ ತನಕ," ಎಂದಳು ದೇವೀರಿ. "ಮಾತಾಡಿಸಬೇಡ. ಬಾಯಿ ಒಣಗುತ್ತೆ."

ಹೊಂಗೆ ತನ್ನ ಆಳದ ಬೇರನ್ನು ನೆನೆಯಿತು. ಬೇರಿಲ್ಲದವಳು ನಿಂತಿದ್ದಾಳೆ, ಬೇರಿರುವ ನಾನು ಬರಿಗೈಯಲ್ಲಿ ನಿಂತಿದ್ದೇನೆ ಎಂದುಕೊಂಡಿತು. ಬೇರಿನಲ್ಲಿ ನೀರು ಸ್ವಲ್ಪವೇ ಇತ್ತು. ಬರಿಯ ನೀರಿನಿಂದ ಎಲೆ ಬರುವಂತಿರಲಿಲ್ಲ. ಆದರೆ ಕೊಂಬೆಯ ತುಂಬ ಕಾಯಿಗಳಿದ್ದವು. ಕಾಯಿಯೊಳಗೆ ಬೀಜ, ಬೀಜದೊಳಗೆ ಸಿಹಿ.

ಗಾಳಿಗೆ ಅದರ ಮನಸ್ಸು ತಿಳಿಯಿತು.

"ಬೇಡ ಕಣೋ," ಎಂದಿತು ಗಾಳಿ. "ಸಿಹಿ ವಾಪಸು ಎಳೆದುಕೊಂಡರೆ ಬೀಜದಲ್ಲಿ ಕಹಿ ಮಾತ್ರ ಉಳಿಯುತ್ತೆ. ಮತ್ತೆಂದೂ ಸಿಹಿಯಾಗಲ್ಲ. ಗಿಳಿ ನಿನ್ನ ಕಡೆ ತಿರುಗಿಯೂ ನೋಡಲ್ಲ."

"ಗಿಳಿ ಇನ್ನೊಂದು ಮರ ನೋಡಿಕೊಳ್ಳಲಿ," ಎಂದಿತು ಹೊಂಗೆ. "ಈ ಕೂಸಿಗೆ ಇನ್ನೊಂದು ಮರ ಇಲ್ಲ."

ಅದು ಕಾಯಿಗಳಿಂದ ಸಿಹಿಯನ್ನೆಲ್ಲ ಹಿಂದಕ್ಕೆಳೆದು ಕೊಂಬೆಯ ತುದಿಗಳಿಗೆ ಕಳಿಸಿತು. ಬಿಸಿಲು ಇಳಿಯುವ ಹೊತ್ತಿಗೆ ತುದಿಗಳು ಕೆಂಪಾದವು. ಮರುದಿನ ಬೆಳಿಗ್ಗೆ ಮರದ ತುಂಬ ತಾಮ್ರದ ಬಣ್ಣದ ಎಳೆ ಎಲೆಗಳು, ಅಂಗೈ ಹಿಡಿದ ಹಾಗೆ ಬಿಚ್ಚಿಕೊಂಡಿದ್ದವು.

ಎಳೆ ಎಲೆಯ ನೆರಳು ತೆಳು. ಬಿಸಿಲು ಅದರೊಳಗಿಂದ ಇಣುಕುತ್ತಿತ್ತು. ಹಾಗಾಗಿ ಆ ದಿನವೂ ದೇವೀರಿ ಸೆರಗು ಹಿಡಿದು ನಿಂತಳು. ಅರ್ಧ ನೆರಳು ಮರದ್ದು, ಅರ್ಧ ನೆರಳು ತಾಯಿಯದ್ದು. ಮಗು ಎರಡರ ಕೆಳಗೂ ಮಲಗಿತ್ತು. ಹೊತ್ತು ಏರುತ್ತಾ ಏರುತ್ತಾ ಎಲೆ ಬಲಿಯಿತು, ಕೆಂಪು ಹೋಗಿ ಹಸಿರು ಬಂತು. ಬಿಸಿಗಾಳಿ ಆ ಎಲೆಗಳೊಳಗೆ ಹೊಕ್ಕು ತಣ್ಣಗಾಗಿ ಹೊರಗೆ ಬಂತು.

ಆಗ ಮಗು ಅತ್ತಿತು.

ದೇವೀರಿ ಕೈ ಇಳಿಸಿದಳು. ಮಗುವನ್ನು ಮಡಿಲಿಗೆಳೆದು ಮರಕ್ಕೆ ಬೆನ್ನು ಕೊಟ್ಟು ಕೂತಳು. ಬಯಲಿನಲ್ಲಿ ಬೇಸಿಗೆಯ ಹಗಲು ಮನುಷ್ಯರೊಬ್ಬರು ನೆರಳಲ್ಲಿ ಕೂತದ್ದು ಅದೇ ಮೊದಲು.

ಮಳೆ ಬಿದ್ದ ಮೇಲೆ ಜನ ಹೊಳೆಯಿಂದ ಹಿಂತಿರುಗಿದರು. ಹೋದವರೆಲ್ಲ ಬಂದಿರಲಿಲ್ಲ. ಕೆಲವು ತಾಯಂದಿರ ಸೊಂಟ ಬರಿದಾಗಿತ್ತು. ದೇವೀರಿಗೂ ಮಗುವಿಗೂ ಎರಡು ಕಲ್ಲು ಹುಡುಕಿಕೊಳ್ಳುತ್ತಾ ಬಂದರು.

ನೋಡಿದರೆ ಗುಡಿಸಿದ ಅಂಗಳ. ಹೊಂಗೆಯ ಕೆಳಗೊಂದು ಹುಲ್ಲಿನ ಚಾಪೆ. ಚಾಪೆಯ ಮೇಲೆ ಮಗು ಬೋರಲು ಬಿದ್ದು, ಒಣಗಿದ ಹೊಂಗೆ ಹೂಗಳನ್ನು ಹುರಿದ ಭತ್ತದ ಹೊದಳಿನ ಹಾಗೆ ಬಾಚಿ ಬಾಚಿ ಆಡುತ್ತಿತ್ತು.

ಜವರ ತಾಯಿಯನ್ನು ಬೆನ್ನಿನಿಂದ ಇಳಿಸಿದ. ಸಿದ್ದಜ್ಜಿ ಮರ ನೋಡಿದಳು, ಮಗು ನೋಡಿದಳು, ಸೊಸೆಯ ಬಿಸಿಲಿಗೆ ಸುಟ್ಟ ತೋಳು ನೋಡಿದಳು.

"ಇನ್ನೊಂದು ಚಾಪೆ ಇದೆಯೇನೇ?" ಎಂದಳು.

"ಒಂದೇ ಇರೋದು ಅತ್ತೆ. ಇದರಲ್ಲೇ ಕೂತ್ಕೊಳ್ಳಿ, ನಾನು ಸರೀತೀನಿ."

ಮುದುಕಿ ಕೂತಳು. ಮಗುವಿನ ತಲೆ ಸವರುತ್ತಾ ಕೇಳಿದಳು: "ಕೂಸಿಗೆ ಹೆಸರು?"

"ಇಡೋರು ನೀವು. ಆದರೆ ಮೊದಲು ಕಲ್ಲಿನ ಕೆಳಗಿರೋ ದೊಡ್ಡವಳಿಗೆ ಇಡಿ."

ಸಿದ್ದಜ್ಜಿ ಬಗ್ಗಿ ಸೊಸೆಯ ಕಿವಿಯಲ್ಲಿ ಒಂದು ಹೆಸರು ಹೇಳಿದಳು. ಅದು ಏನೆಂದು ಆ ಇಬ್ಬರಿಗೇ ಗೊತ್ತು. ಆಮೇಲೆ ಚಿಕ್ಕದನ್ನು ಎತ್ತಿಕೊಂಡು ಎಲ್ಲರಿಗೂ ಕೇಳುವ ಹಾಗೆ, "ಹೊಂಗವ್ವ," ಎಂದಳು.

ದೇವೀರಿ ಬಿದ್ದ ಕಾಯೊಂದನ್ನು ಒಡೆದು ಬೀಜ ಕಚ್ಚಿದಳು. ಕಹಿ. ಮರ ಏನು ಕೊಟ್ಟಿತೆಂದು ಅವಳಿಗೆ ಆಗ ತಿಳಿಯಿತು. ಅವಳು ಉಗುಳಲಿಲ್ಲ. ಮಡಿಲು ತುಂಬ ಬೀಜ ಆರಿಸಿಕೊಂಡು ಅದೇ ಮಳೆಯಲ್ಲಿ ಹೊಳೆಯ ದಾರಿ ಹಿಡಿದಳು. ಮೊದಲ ಬೀಜವನ್ನು ತನ್ನ ದೊಡ್ಡ ಮಗಳ ಕಲ್ಲಿನ ಪಕ್ಕ ಹೂತಳು. ಆಮೇಲೆ ಕಲ್ಲಿದ್ದ ಕಡೆಯೆಲ್ಲ ಒಂದೊಂದು. ಅವಳ ಹಿಂದೆ ಬರಿದಾದ ಸೊಂಟದ ತಾಯಂದಿರು, ಅವರ ಹಿಂದೆ ಮಗನ ಬೆನ್ನ ಮೇಲೆ ಸಿದ್ದಜ್ಜಿ, ಕೈಯಲ್ಲೊಂದು ಹಿಡಿ ಬೀಜ.

ಮುಂದಿನ ವರ್ಷ ಮೊದಲ ಎಲೆ ಬಿದ್ದಾಗ ಸಿದ್ದಜ್ಜಿ ಅಭ್ಯಾಸದಂತೆ ಬಾಯಿ ತೆರೆದಳು. ಹೊಂಗೆಯ ತುದಿ ಕೆಂಪಾಗಿದ್ದದ್ದು ಕಂಡಿತು.

"ಎಲೆ ಚಿಗುರಿತು," ಎಂದಳು. "ಕೂತ್ಕೊಳ್ಳಿ."

ಅಂದಿನಿಂದ ವಸಂತ ಬಂದರೆ ನಾವು ಎಲ್ಲಿಗೂ ಹೋಗುವುದಿಲ್ಲ. ಅಂಗಳ ಸಾರಿಸಿ, ಹೊಸ ಮಡಕೆಗೆ ನೀರು ತುಂಬಿಸಿ, ಹೆಸರುಬೇಳೆ ನೆನೆಹಾಕಿ, ಹೊಂಗೆಯ ಕೆಳಗೆ ಕೂರುತ್ತೇವೆ. ದಾರಿಯ ಎರಡೂ ಬದಿಗೆ ಹೊಂಗೆ ಮರಗಳ ಸಾಲು ಕಂಡರೆ ಅದರ ಕೆಳಗೆ ಒಂದು ಗಳಿಗೆ ನಿಲ್ಲುತ್ತೇವೆ. ಮಳೆಗೆ ಮೊದಲೇ, ಬೆಂಕಿಯಂಥ ಬಿಸಿಲಿನಲ್ಲೇ, ಹೊಂಗೆ ಕೆಂಪಾಗಿ ಚಿಗುರುವುದು ಅದಕ್ಕೇ. ಅದರ ಬೀಜವನ್ನು ಇಂದಿಗೂ ಯಾರೂ ತಿನ್ನದಿರುವುದೂ ಅದಕ್ಕೇ.

ಬಾಯಿ ತೊಳೆದುಕೊಂಡು ಬಾ ಮಗಾ, ಇಲ್ಲಿ ಮಲಗು, ಮೇಲೆ ನೋಡು: ಆ ಬೀಜದ ಸಿಹಿ ಎಲ್ಲೂ ಹೋಗಿಲ್ಲ, ನಿನ್ನ ತಲೆಯ ಮೇಲೆ ನೆರಳಾಗಿ ನಿಂತಿದೆ.