ದಿಬ್ಬಣದ ಕಲ್ಲಿಗೆ ದಾರಿ ತೋರಿದ ಗಾದ್ರಕ್ಕ

ಬಹಳ ಹಿಂದಿನ ಮಾತು. ನಮ್ಮಜ್ಜಿಯ ಅಜ್ಜಿಗೂ ಅದು ಹಳೇ ಮಾತೇ ಆಗಿತ್ತಂತೆ. ಒಂದು ಕಾವಲು, ಕಾವಲಿನ ಅಂಚಿಗೆ ಒಂದು ಹಟ್ಟಿ. ಕಾವಲು ಅಂದರೆ ಮೂರು ಹರದಾರಿ ಉದ್ದಕ್ಕೂ ಹುಲ್ಲೇ ಹುಲ್ಲು. ಒಂದು ಮರವಿಲ್ಲ, ಒಂದು ಗುಡ್ಡವಿಲ್ಲ. ಗಾಳಿ ಬಂತೆಂದರೆ ಇಡೀ ನೆಲ ತೆರೆಯೆದ್ದ ಕೆರೆಯ ಹಾಗೆ ಹೊರಳುತ್ತಿತ್ತಂತೆ. ಜಿಂಕೆ ಹಿಂಡು ಓಡಿದರೆ ಕೊಂಬಿನ ತುದಿ ಮಾತ್ರ ಕಾಣುತ್ತಿತ್ತಂತೆ.

ಆ ಹುಲ್ಲಿನ ನಟ್ಟನಡುವೆ ದಿಬ್ಬಣದ ಕಲ್ಲು. ಮೂರಾಳೆತ್ತರದ ಬಿಳೀ ಕಲ್ಲುಗಳು, ಮದುವೆಗೆ ಹೊರಟ ಜನ ದಣಿದು ನಿಂತ ಹಾಗೆ ಸಾಲಾಗಿ ನಿಂತಿವೆ. ಬುಡದಲ್ಲೊಂದು ಗವಿ, ಗವಿಯೊಳಗೊಂದು ಒರತೆ. ಎಂಥ ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವ ನೀರು. ಅದನ್ನು ನೋಡಬೇಕು, ಒಂದು ಬೊಗಸೆ ಕುಡಿಯಬೇಕು ಅಂತ ದೂರದ ಹೊಳೆಸೀಮೆಯಿಂದೆಲ್ಲ ಜನ ಬರುತ್ತಿದ್ದರಂತೆ. ಬಂದವರಿಗೆ ದಾರಿ ತೋರಿಸುತ್ತಿದ್ದವಳು ಹಟ್ಟಿಯ ಗಾದ್ರಕ್ಕ.

ಹುಲ್ಲಿನಲ್ಲಿ ದಾರಿ ಎಲ್ಲಿರುತ್ತದೆ ಹೇಳಿ? ಬೆಳಿಗ್ಗೆ ನಡೆದ ಹೆಜ್ಜೆ ಮಧ್ಯಾಹ್ನಕ್ಕೆ ಮುಚ್ಚಿಹೋಗುತ್ತದೆ. ಗಾದ್ರಕ್ಕನಿಗೆ ಮಾತ್ರ ಹುಲ್ಲಿನ ಬಣ್ಣ ನೋಡಿಯೇ ಇಲ್ಲಿ ಹಾಳು ಗುಂಡಿಯಿದೆ, ಇಲ್ಲಿ ಗಟ್ಟಿ ನೆಲವಿದೆ ಅಂತ ತಿಳಿಯುತ್ತಿತ್ತಂತೆ. ಒಂದೇ ಕಟ್ಟಳೆ ಅವಳದು. ಕಾವಲಿಗೆ ಕಾಲಿಡುವ ಮುಂಚೆ ಚುಟ್ಟ ಸೇದುವವರೆಲ್ಲ ತಮ್ಮ ಚಕಮುಕಿ ಕಲ್ಲನ್ನು ಅವಳ ಚೀಲಕ್ಕೆ ಹಾಕಬೇಕು, ಮರಳಿ ಬಂದ ಮೇಲೆ ಇಸಿದುಕೊಳ್ಳಬೇಕು. ಯಾಕೆ ಅಂತ ಹಟ್ಟಿಯವರಿಗೆ ಗೊತ್ತಿತ್ತು. ಅವಳು ಹರೆಯದಲ್ಲಿದ್ದಾಗ ಗಂಡ ಬೋರಯ್ಯ ಇದೇ ಕಾವಲಿನ ಬೆಂಕಿಗೆ ಸಿಕ್ಕಿ ಸತ್ತಿದ್ದ. ಅಂದಿನಿಂದ ತನ್ನ ಒಲೆಗೆ ಕೂಡ ಅವಳು ಮುಖ ತಿರುಗಿಸಿಯೇ ಬೆಂಕಿ ಹಾಕುತ್ತಿದ್ದಳಂತೆ.

ಒಂದು ವರ್ಷ ಉಗಾದಿ ಕಳೆದು ಎಂಟು ದಿನಕ್ಕೆ ಹೊಳೆಸೀಮೆಯ ಯಜಮಾನ ಸಿದ್ರಾಮಪ್ಪ ಅನ್ನುವವನು ಮೂವತ್ತೇಳು ಜನರನ್ನು ಕಟ್ಟಿಕೊಂಡು ಬಂದನಂತೆ. ಹೊಸ ಮದುಮಕ್ಕಳಿದ್ದರು, ಬಸುರಿಯಿದ್ದಳು, ಅವನ ತಾಯಿ ಪುಟ್ಟೀರವ್ವ ಕೋಲೂರಿಕೊಂಡು ಕೊನೆಯಲ್ಲಿ ಬರುತ್ತಿದ್ದಳು. ಸಾಯುವುದರೊಳಗೆ ಆ ಒರತೆ ಕಾಣಬೇಕು ಅನ್ನುವುದು ಮುದುಕಿಯ ಆಸೆ.

ಅರ್ಧ ದಾರಿ ನಡೆದಿರಬೇಕು. ಗಾದ್ರಕ್ಕ ತಟ್ಟನೆ ನಿಂತಳು. ಬೆನ್ನ ಹಿಂದಿನಿಂದ ಗಾಳಿ ಬೀಸುತ್ತಿತ್ತು, ಗಾಳಿಯಲ್ಲಿ ಸುಟ್ಟ ಕಮಟು ವಾಸನೆಯಿತ್ತು. ತಿರುಗಿ ನೋಡಿದರೆ ಪಡುವಣ ದಿಕ್ಕಿಗೆ ದಿಕ್ಕೇ ಹೊಗೆ. ಯಾರಿಂದ ಹತ್ತಿತೋ ಇವತ್ತಿಗೂ ಯಾರಿಗೂ ತಿಳಿಯದು.

ಜನ ಬುತ್ತಿ ಗಂಟು ಬಿಸಾಡಿ ಕಲ್ಲಿನ ಕಡೆಗೆ ಓಡಲು ಹೊರಟರು. ಗಾದ್ರಕ್ಕ ಎರಡೂ ಕೈ ಚಾಚಿ ಅಡ್ಡ ನಿಂತಳಂತೆ.

"ಓಡಬ್ಯಾಡ್ರಿ. ನನ್ ಗಂಡ ಓಡಿದ್ದ. ಗಾಳಿಗಿಂತ ಮುಂದೆ ಯಾರೂ ಓಡಾಕಾಗಲ್ಲ."

ಹಾಗಂದವಳೇ ಚೀಲಕ್ಕೆ ಕೈಹಾಕಿ ಒಂದು ಚಕಮುಕಿ ತೆಗೆದಳು. ಹಿಂದೆ ಬೆಂಕಿ, ಮುಂದೆಯೂ ಬೆಂಕಿ ಹಚ್ಚಲು ಹೊರಟಿದ್ದಾಳೆ! ಇವಳಿಗೆ ತಲೆ ಕೆಟ್ಟಿತು, ನಮ್ಮನ್ನು ಸುಟ್ಟೇಬಿಡುತ್ತಾಳೆ ಅಂತ ಹೆಂಗಸರು ಗೋಳಿಟ್ಟರಂತೆ. ಸಿದ್ರಾಮಪ್ಪ ಅವಳ ಕೈಯನ್ನು ಬಿಗಿಯಾಗಿ ಹಿಡಿದ. ಇಪ್ಪತ್ತು ವರ್ಷ ಬೆಂಕಿಯ ಮುಖ ನೋಡದವಳ ಕೈ ಅದು.

"ಯಜಮಾನ್ರೇ, ಸುಟ್ಟಿದ್ದನ್ನ ಬೆಂಕಿ ಇನ್ನೊಂದ್ ಸಲ ಸುಡಲ್ಲ. ಕೈ ಬಿಡ್ರಿ" ಅಂದಳು.

ಅವಳ ಮುಖ ನೋಡಿ ಅವನು ಕೈ ಬಿಟ್ಟ.

ಮೂರು ಸಲ ಕಿಡಿ ಹಾರಿತು, ಮೂರು ಸಲ ಆರಿತು. ನಾಲ್ಕನೆಯ ಸಲಕ್ಕೆ ಎದುರಿನ ಹುಲ್ಲು ಹೊತ್ತಿಕೊಂಡಿತು. ಗಾಳಿ ಆ ಬೆಂಕಿಯನ್ನು ಅವರಿಂದಾಚೆಗೆ, ಕಲ್ಲಿನ ಕಡೆಗೆ ಅಟ್ಟಿಕೊಂಡು ಹೋಯಿತು. ಕಲ್ಲಿನ ಸುತ್ತ ಬರೀ ಬಂಡೆ, ಅಲ್ಲಿಗೆ ಹೋಗಿ ತಾನೇ ಸಾಯುತ್ತದೆ ಅಂತ ಅವಳಿಗೆ ಗೊತ್ತಿತ್ತು. ಮುಂದೆ ಕರ್ರಗಿನ ಬಯಲು ತೆರೆದುಕೊಂಡಿತು. ಇದ್ದ ನೀರಲ್ಲಿ ಬಟ್ಟೆ ತೋಯಿಸಿ ಮುಖಕ್ಕೆ ಕಟ್ಟಿಕೊಳ್ಳಿ, ಒಳಗೆ ನಡೆಯಿರಿ, ನಡುವೆ ಹೋಗಿ ಬೋರಲು ಮಲಗಿ ಅಂದಳು. ಎಲ್ಲರೂ ನಡೆದರು. ಎಣಿಸಿದರೆ ಒಂದು ತಲೆ ಕಡಿಮೆ. ಪುಟ್ಟೀರವ್ವ ಹಿಂದೆ ಹುಲ್ಲಿನಲ್ಲೇ ಕುಸಿದು ಕೂತಿದ್ದಳು.

ಗಾದ್ರಕ್ಕ ವಾಪಸು ಓಡಿದಳಂತೆ. ನನ್ನದು ಮುಗಿಯಿತು, ನೀನು ಹೋಗವ್ವಾ ಅಂತ ಮುದುಕಿ ಅಂದಳಂತೆ. ಇವಳು ಅವಳನ್ನು ಎತ್ತಿ ಬೆನ್ನಿಗೆ ಹಾಕಿಕೊಂಡಳು. ಮೆಟ್ಟು ಎಲ್ಲಿ ಕಳಚಿತೋ, ಬರಿಗಾಲಲ್ಲಿ ಕೆಂಡದಂಥ ಬೂದಿ ತುಳಿದುಕೊಂಡು ಬಂದಳು. ಅವಳು ಮಂದಿಯ ನಡುವೆ ಮುದುಕಿಯನ್ನು ಇಳಿಸಿದ್ದೇ ತಡ, ದೊಡ್ಡ ಬೆಂಕಿ ಬಂತು. ಬಂದು, ತಿನ್ನಲು ಏನೂ ಸಿಗದೆ ಎರಡು ಸೀಳಾಗಿ ಅಕ್ಕಪಕ್ಕದಲ್ಲಿ ಹಾದುಹೋಯಿತು.

ಬೆಂಕಿ ಅವಳಿಗೆ ತಲೆಬಾಗಿತು ಅಂತಾರೆ ಕೆಲವರು. ಬೆಂಕಿಯೊಳಗಿಂದ ಬೋರಯ್ಯನೇ ಬಂದು ದಾರಿ ಬಿಡಿಸಿದ ಅಂತಾರೆ ಇನ್ನು ಕೆಲವರು. ನಾವು ಕಂಡವರಲ್ಲ. ಮೂವತ್ತೇಳು ಜನಕ್ಕೆ ಮೂವತ್ತೇಳು ಜನವೂ ಮನೆ ಸೇರಿದ್ದು ಮಾತ್ರ ದಿಟ. ಹಿಂತಿರುಗುವ ಮುಂಚೆ ಅವರು ಕಲ್ಲಿಗೂ ಹೋದರಂತೆ. ಪುಟ್ಟೀರವ್ವ ಒರತೆಯ ಮೊದಲ ಬೊಗಸೆಯನ್ನು ತಾನು ಕುಡಿಯಲಿಲ್ಲ. ಗಾದ್ರಕ್ಕನನ್ನು ಬಂಡೆಯ ಮೇಲೆ ಕೂರಿಸಿ, ಬೊಬ್ಬೆಯೆದ್ದ ಅಂಗಾಲಿಗೆ ಸುರಿದಳು. ಆಗ ಗಾದ್ರಕ್ಕ ಅತ್ತಳಂತೆ. ಗಂಡ ಸತ್ತಾಗ ಅಳದವಳು ಅವತ್ತು ಮನಸಾರೆ ಅತ್ತಳಂತೆ.

ಮಳೆ ಬಿದ್ದು ಕಾವಲು ಹಸಿರಾದ ಮೇಲೆ ಸಿದ್ರಾಮಪ್ಪ ಮತ್ತೆ ಬಂದ. ಹೊಲ ಕೊಡುತ್ತೇನೆ, ನಮ್ಮೂರಿಗೇ ಬಂದುಬಿಡು ತಂಗೀ ಅಂದನಂತೆ. ಅವಳು ಕುಂಟುತ್ತಲೇ ಎದ್ದು ಬಂದು ಮಜ್ಜಿಗೆ ಕೊಟ್ಟಳು. ನನಗೇನೂ ಬೇಡಣ್ಣಾ, ಬೇಸಿಗೆಗೆ ಮುಂಚೆ ಕುಡುಗೋಲು ತಗೊಂಡು ಬನ್ನಿ, ದಾರಿಯ ಎರಡೂ ಪಕ್ಕ ಹುಲ್ಲು ಕೊಯ್ದು ನೆಲ ಬರಿದು ಮಾಡಿಕೊಡಿ ಅಂದಳಂತೆ. ಅವನು ಬಂದ. ಅವನ ಮಕ್ಕಳು ಬಂದರು.

ಇವತ್ತಿಗೂ ಶಿವರಾತ್ರಿ ಕಳೆದ ಮಾರನೆಯ ದಿನ ಹೊಳೆಸೀಮೆಯವರು ಕುಡುಗೋಲು ಹಿಡಿದು ಬರುತ್ತಾರೆ, ಹಟ್ಟಿಯವರು ಅವರಿಗೆ ಊಟಕ್ಕಿಡುತ್ತಾರೆ. ಕಲ್ಲು ನೋಡಲು ಬಂದ ಗುಂಪಿನಲ್ಲಿ ಎಲ್ಲರಿಗಿಂತ ವಯಸ್ಸಾದವರನ್ನು, ನೆಂಟರಲ್ಲದವರು ಯಾರಾದರೂ ಒಬ್ಬರು, ಕೊನೆಯ ನೂರು ಹೆಜ್ಜೆ ಹೊತ್ತುಕೊಂಡು ಹೋಗುತ್ತಾರೆ. ಗವಿಯ ಬಾಯಲ್ಲಿ ಇಳಿದ ಮೇಲೆ ಆ ಹಿರಿಯರು ನೆಲಕ್ಕೆ ಕೂತು, ಹೊತ್ತವರ ಪಾದ ತೊಳೆಯುತ್ತಾರೆ. ಹಿರಿಯರು ಕಿರಿಯರ ಕಾಲು ತೊಳೆಯುವುದು ಬೇರೆಲ್ಲೂ ಇಲ್ಲ. ನಮ್ಮ ಕಾವಲಿನಲ್ಲಿದೆ.